ಕಾಮೇಶ್ವರನ ತಾರಸಿಗೊಂದು ಕಂಬ

ತೆಲುಗು ಸೀಮೆಯ ಗಾಜುವಾಕದಲ್ಲಿ ಬೆಟ್ಟದ ಮರೆಗಿರುವ ಆ ಓಣಿಗೆಲ್ಲ ಚೆನ್ನಮ್ಮನ ಮನೆಯೇ ಎತ್ತರ. ನೌಕಾದಳದಲ್ಲಿ ಅಡುಗೆಯವನಾಗಿದ್ದ ಗಂಡ ಮುನಿಯಪ್ಪ ನಿವೃತ್ತನಾದ ಮೇಲೆ ಕೋಲಾರಕ್ಕೆ ಹಿಂದಿರುಗದೆ ಇಲ್ಲೇ ಕಟ್ಟಿಸಿದ್ದು. ಅವನು ಮಹಡಿಯ ಕೋಣೆಯಲ್ಲಿ ಹಾಸಿಗೆ ಹಿಡಿದ ವರ್ಷ, ಓಣಿಗೆ ಇಂಟರ್ನೆಟ್ ತಂತಿ ಎಳೆಯುವ ಕಾಮೇಶ್ವರ ಬಂದು, ತಾರಸಿ ಕೊರೆದು ಕಬ್ಬಿಣದ ಕಂಬ ನಿಲ್ಲಿಸುತ್ತೇನೆ ಎಂದ.

"ಕೆಳಗೆ ನಮ್ಮೆಜಮಾನ್ರು ಮಲಗವ್ರೆ. ತೂತು ಮಾಡಿದ್ರೆ ಮಳೆನೀರು ಅವರ ಮೇಲೇ ತೊಟ್ಟಿಕ್ತದೆ. ಬೇಡಪ್ಪಾ" ಎಂದಳು ಚೆನ್ನಮ್ಮ.

"ಸರಿ ಅಮ್ಮಗಾರೂ. ನಿಮ್ಮ ತಾರಸಿ ನಿಮ್ಗೆ, ನನ್ನ ತಂತಿ ನಂಗೆ" ಎಂದವನೇ ಅವಳ ಮನೆಯ ಸಂಪರ್ಕ ಕತ್ತರಿಸಿ ಹೋದ.

ಆ ಓಣಿಯಲ್ಲಿ ಮೊಬೈಲ್ ಸಿಗ್ನಲ್ ಸಿಕ್ಕರೆ ಪುಣ್ಯ. ನಾಲ್ಕನೆಯ ದಿನ ಮುನಿಯಪ್ಪ ತೀರಿಕೊಂಡ. ಕಾರವಾರದಲ್ಲಿ ಬಾಣಂತಿಯಾಗಿದ್ದ ಮಗಳು ಲಾವಣ್ಯಾ, ಫೋನಿನಲ್ಲಾದರೂ ಅಪ್ಪನ ಮುಖ ತೋರಿಸಮ್ಮಾ ಎಂದು ಗೋಗರೆದದ್ದು ಅರ್ಧಂಬರ್ಧ ಕೇಳಿಸಿತು. ಮುಖ ಮಾತ್ರ ಅವಳಿಗೆ ಕಾಣಲೇ ಇಲ್ಲ. ಚೆನ್ನಮ್ಮ ಅಳಲಿಲ್ಲ. ಕಾಮೇಶ್ವರನ ಇಂಟರ್ನೆಟ್ ಅಂಗಡಿ ಮುಚ್ಚುವುದನ್ನು ನೋಡಿಯೇ ತೀರುತ್ತೇನೆ ಎಂದುಕೊಂಡಳು.

ಎರಡು ವರ್ಷ ಕಾದಳು. ಮಹಡಿಗೆ ಬಾಡಿಗೆಗೆ ಬಂದ ಹಿಮಬಿಂದು ಪಾಲಿಟೆಕ್ನಿಕ್ಕಿನಲ್ಲಿ ಮೇಡಂ. ತಾಯಿ ಬಳ್ಳಾರಿಯವರಾದ್ದರಿಂದ ಕನ್ನಡ ಬರುತ್ತಿತ್ತು. ಓಣಿಯವರೆಲ್ಲ ಸೇರಿ ಕಂಪನಿಯಿಂದಲೇ ಒಂದೇ ದೊಡ್ಡ ಸಂಪರ್ಕ ತೆಗೆದುಕೊಂಡು, ತಾರಸಿಯಿಂದ ತಾರಸಿಗೆ ಸಿಗ್ನಲ್ ಹಾಯಿಸುವ ಡಬ್ಬಿಗಳ ಮೂಲಕ ಗಾಳಿಯಲ್ಲೇ ಹಂಚಿಕೊಳ್ಳಬಹುದು ಎಂದು ಅವಳು ಹೇಳಿದ್ದೇ ತಡ, ಚೆನ್ನಮ್ಮ ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

"ಕಾಮೇಶ್ವರನ ತಂತಿ ಬೇಕಾಗಲ್ವಾ?"

"ಬೇಕಾಗಲ್ಲ ಆಂಟಿ. ಆದ್ರೆ ಎರಡು ಕಟ್ಟಳೆ. ಕೇಳ್ದೋರಿಗೆ ಇಲ್ಲ ಅನ್ನಂಗಿಲ್ಲ. ತಗೊಂಡೋರು ತಮ್ಮ ತಾರಸಿ ಮೇಲೂ ಡಬ್ಬಿ ಇಡಿಸ್ಕೊಂಡು ಮುಂದಿನ ಮನೆಗೆ ದಾಟಿಸ್ಬೇಕು."

ಮೊದಲನೆಯದು ಚೆನ್ನಮ್ಮನಿಗೆ ಹಿಡಿಸಲಿಲ್ಲ, ನುಂಗಿಕೊಂಡಳು. ಡಬ್ಬಿ ನಿಲ್ಲಿಸುವ ಕೊಳವೆಯನ್ನು ತನ್ನ ತಾರಸಿ ಕೊರೆಸದೆ ನೀರಿನ ಟ್ಯಾಂಕಿಗೆ ಬಿಗಿದು ಕಟ್ಟಿಸಿದಳು. ಮಂಡಿನೋವಿನಲ್ಲೇ ಮನೆಮನೆಯ ಮೆಟ್ಟಿಲು ಹತ್ತಿ ತಾರಸಿ ಕೇಳಿದಳು. ಕಾಮೇಶ್ವರನ ತಂತಿ ಕಿತ್ತೆಸೆದ ಪ್ರತಿ ಮನೆಯವರ ಬಾಯಿಗೂ ಸಕ್ಕರೆ ಹಾಕಿದಳು.

ಚಂಡಮಾರುತ ಬರುತ್ತದೆಂದಾಗ, ಓಣಿಗೆಲ್ಲ ಹಂಚುವ ತನ್ನ ತಾರಸಿಯ ಡಬ್ಬಿ ನೆನೆದೀತೆಂದು ಹಿಟ್ಟು ಕಲಸುವ ಸ್ಟೀಲ್ ಬೋಗುಣಿಯನ್ನು ಅದರ ಮೇಲೆ ಬೋರಲು ಹಾಕಿ ಕಟ್ಟಿದಳು. ಮಳೆ ನಿಂತರೂ ಓಣಿಯಲ್ಲಿ ಯಾರ ಫೋನೂ ಮಿಸುಕಲಿಲ್ಲ. ಹಿಮಬಿಂದು ಊರಲ್ಲಿರಲಿಲ್ಲ. ಚೆನ್ನಮ್ಮ ನೇರ ಕಾಮೇಶ್ವರನ ಅಂಗಡಿಗೆ ಹೋಗಿ, "ನಿನ್ನ ಕೈ ಬಿದ್ದುಹೋಗ! ಏನೋ ಕಿತ್ತಿದ್ದೀಯ!" ಎಂದು ಬೀದಿಗೆ ಕೇಳುವಂತೆ ಬೈದಳು.

ಅವನು ನಾಲ್ಕು ಜನರನ್ನು ಕರೆದುಕೊಂಡೇ ಅವಳ ತಾರಸಿ ಹತ್ತಿ ಬೋಗುಣಿ ಎತ್ತಿದ. ಕೆಳಗೆ ಎಲ್ಲರ ಫೋನುಗಳೂ ಒಟ್ಟಿಗೆ ಕಿಣಿಗುಟ್ಟಿದವು.

"ಉಕ್ಕಿನ ಟೋಪಿ ಹಾಕಿದ್ರೆ ಸಿಗ್ನಲ್ ಹೆಂಗಮ್ಮಾ ಹೊರಗೆ ಬರ್ತದೆ? ಭಲೇ, ಬೋಗುಣಿ ಇಂಜಿನಿಯರ್‌ಗಾರೂ!"

ಓಣಿಯೆಲ್ಲ ನಕ್ಕಿತು. ಚೆನ್ನಮ್ಮ ಆ ಬೋಗುಣಿಯಲ್ಲಿ ಮತ್ತೆ ಹಿಟ್ಟು ಕಲಸಲಿಲ್ಲ. ತೊಳೆದು ಅಟ್ಟದ ಮೇಲಿಟ್ಟಳು.

ಯುಗಾದಿಯ ಹೊತ್ತಿಗೆ ಅಂಗಡಿ ಮುಚ್ಚಿತು. ಕಾಮೇಶ್ವರ ಗಾಡಿ ಓಡಿಸತೊಡಗಿದ. ಅವನ ಮಗಳು ವಿಜಯವಾಡದ ಪಟಮಟದಲ್ಲಿ ಹಾಸ್ಟೆಲಿನಲ್ಲಿದ್ದಳು. ಅವಳ ಮುಖ ನೋಡಬೇಕು, ನಮ್ಮ ಮನೆಗೂ ಕೊಡಿ ಎಂದು ಅವನ ಹೆಂಡತಿ ಹಿಮಬಿಂದುವನ್ನು ಕೇಳಿದಳು.

"ಕೊಡೋಣ. ಕಟ್ಟಳೆ ಅಂದ್ರೆ ಕಟ್ಟಳೆ" ಎಂದಳು ಚೆನ್ನಮ್ಮ. ಭಾನುವಾರ ಕಾಮೇಶ್ವರನ ತಾರಸಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಳು.

"ಇಲ್ಲೂ ಟ್ಯಾಂಕ್ ಇದೆ ಆಂಟಿ, ಕಟ್ಟಿದ್ರೆ ಸಾಕು" ಎಂದಳು ಹಿಮಬಿಂದು.

"ಸಾಕಾಗಲ್ಲ. ಕೊರೀರಿ."

ಹಿಮಬಿಂದು ಅವಳ ಮುಖ ನೋಡಿ, ಕೊರೆಯುವ ಯಂತ್ರ ಹಿಡಿದಿದ್ದ ಕೆಲಸದವನಿಗೆ ಸನ್ನೆ ಮಾಡಿದಳು. ಕಾಮೇಶ್ವರ ಬಾಯಿ ತೆರೆದ. ಹೆಂಡತಿ ಕಣ್ಣಲ್ಲೇ ತಡೆದಳು. ಯಂತ್ರ ತಾರಸಿಗೆ ಇಳಿದು ಸಿಮೆಂಟಿನ ಪುಡಿ ಹಾರಿತು. ಕಂಬ ನಿಲ್ಲುವವರೆಗೂ ಚೆನ್ನಮ್ಮ ಕುರ್ಚಿ ಬಿಟ್ಟೇಳಲಿಲ್ಲ.

ಜೂನಿನ ಮೊದಲ ಮಳೆಗೆ, ಕಾಮೇಶ್ವರ ಮಲಗುವ ಕೋಣೆ ಸೋರುತ್ತಿದೆ ಎಂದು ಓಣಿಯಲ್ಲಿ ಸುದ್ದಿಯಾಯಿತು. ಚೆನ್ನಮ್ಮ ಅಟ್ಟದಿಂದ ಬೋಗುಣಿ ಇಳಿಸಿ, ಸೆರಗಿನಿಂದ ಧೂಳು ಒರೆಸಿ, ಮಳೆಯಲ್ಲೇ ಅವನ ಬಾಗಿಲಿಗೆ ಹೋದಳು.

"ತಗೋ. ತೊಟ್ಟಿಕ್ಕೋ ಕಡೆ ಇಟ್ಕೋ" ಎಂದಳು.