ಇಳಿದು ಬರುವ ತನಕ

ಕಿರ್ಗಿಸ್ತಾನಕ್ಕೆ ಹೊರಟಾಗ ಆಫೀಸಿನ ಮೈಸೂರಿನವರೊಬ್ಬರು ಕಾಲೆಳೆದರು. "ಏನ್ರೀ ಮೇಡಂ, ರಜಾ ಹಾಕಿ ಕುರಿ ನೋಡೋಕೆ ಹೋಗ್ತಿದೀರಂತೆ? ಅದಕ್ಕೆ ಇಂಜಿನಿಯರಿಂಗ್ ಬೇರೆ ಓದ್ಬೇಕಿತ್ತಾ?"

"ಓದಿದ್ದಕ್ಕ ರೀ, ವಿಮಾನದಾಗ ಹೋಗಿ ನೋಡಾಕತ್ತೀನಿ," ಅಂದೆ.

ಇಬ್ಬರಿಗೂ ನಗು ಬರಲಿಲ್ಲ. ನನ್ನನ್ನು ಅಲ್ಲಿಗೆ ಕರೆದಿದ್ದವನು ತೀರಿಕೊಂಡು ಬಹಳ ದಿನ ಆಗಿರಲಿಲ್ಲ.

ಅವನು ಕಿರ್ಗಿಸ್ತಾನದವನು, ಕೆಲಸ ನಮ್ಮ ವಿಭಾಗದಲ್ಲೇ. ಇಲ್ಲಿ ಅಮೆರಿಕದ ಲಿನ್‌ವುಡ್‌ನಲ್ಲಿ ನನ್ನ ಎದುರಿನ ಅಪಾರ್ಟ್‌ಮೆಂಟು. ಎವರೆಟ್‌ನ ವಿಮಾನ ಕಾರ್ಖಾನೆಗೆ ಇಬ್ಬರಿಗೂ ಒಂದೇ ಬಸ್ಸು. ನಾನು ಕುರಿಗಾರರ ಮಗಳು. ಹಿಂಡಿನ ಹಿಂದೆ ಊರೂರು ತಿರುಗುವ ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು. ಅದನ್ನು ಹೇಳಿದ ದಿನ ಅವನು ಓಡುವ ಬಸ್ಸಿನಲ್ಲೇ ಎದ್ದು ನಿಂತು ಕೈ ಕುಲುಕಿದ. ಅವನ ಮನೆಯಲ್ಲೂ ಮೊದಲ ಡಿಗ್ರಿ ಅವನದೇ. "ಬೇಸಿಗೆಗೆ ನಮ್ಮಮ್ಮ ಕುರಿ, ಕುದುರೆ ಹೊಡ್ಕೊಂಡು ಬೆಟ್ಟ ಹತ್ತುತ್ತಾಳೆ. ನೀನೂ ಬಾ, ಯಾರ ಕುರಿ ದಪ್ಪ ನೋಡೇಬಿಡೋಣ," ಎಂದಿದ್ದ. ಇಬ್ಬರೂ ಟಿಕೆಟ್ ತೆಗೆದೆವು. ಆಮೇಲೆ ಒಂದು ಸೋಮವಾರ ಅವನು ಬಸ್ಸಿಗೆ ಬರಲಿಲ್ಲ. ನಿದ್ದೆಯಲ್ಲೇ ಹೃದಯ ನಿಂತಿತ್ತು. ಅವನ ಧರ್ಮದವರು ಸೇರಿ ಇಲ್ಲೇ ಮಣ್ಣು ಮಾಡಿದರು. ಎಲ್ಲರೂ ಹೋದ ಮೇಲೆ ನಾನೂ ಒಂದು ಹಿಡಿ ಹಾಕಿದೆ.

ವಿಮಾನ ಇಳಿದಾಗ ಅವನ ತಂಗಿ ಕಾಯುತ್ತಿದ್ದಳು. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವಳು. ಅಣ್ಣನ ಬಟ್ಟೆಬರೆಯ ಪೆಟ್ಟಿಗೆಯನ್ನು ಅವಳ ಕೈಗೆ ಕೊಟ್ಟೆ. ಅದನ್ನು ಚಿಕ್ಕಪ್ಪನ ಮನೆಯಲ್ಲಿ ಇಳಿಸಿ ಕಾರು ಹತ್ತಿದ ಮೇಲೆ ಹೇಳಿದಳು: "ಅಪಾಗೆ ಗೊತ್ತಿಲ್ಲ."

ಅಪಾ ಅಂದರೆ ಅಮ್ಮ.

"ಇನ್ನೂ ಹೇಳಿಲ್ವಾ?"

"ನಮ್ಮಲ್ಲಿ ಸಾವನ್ನ ಒಬ್ರೇ ಹೋಗಿ ಹೇಳೋ ಹಾಗಿಲ್ಲ. ಹಿರಿಯರೆಲ್ಲ ಸುತ್ತ ಕೂತು ಒಟ್ಟಿಗೆ ಹೇಳ್ಬೇಕು. ಆಕೆಗೆ ಬಿಪಿ ಇದೆ, ಅಷ್ಟು ಎತ್ತರದಲ್ಲಿ ಏನಾದ್ರೂ ಆದ್ರೆ? ಚಳಿಗೆ ಕೆಳಗಿಳಿದು ಬರ್ತಾಳಲ್ಲ, ಆಗ ಹೇಳೋಣ ಅಂತ ಚಿಕ್ಕಪ್ಪಂದಿರು ಅಂದಿದ್ದಾರೆ. ಬೆಟ್ಟದ ಮೇಲೆ ಫೋನೂ ಸಿಗಲ್ಲ. ಅಣ್ಣನಿಗೆ ರಜಾ ಸಿಗಲಿಲ್ಲ ಅಂತ ಹೇಳಿಟ್ಟಿದೀನಿ. ನೀವೂ ಅಷ್ಟೇ ಹೇಳಿ."

ನಮ್ಮವರಲ್ಲೂ ಇದೆ. ಹಿಂಡಿನ ಜೊತೆ ದೂರ ಹೋದವರಿಗೆ ಸಾವಿನ ಸುದ್ದಿ ಒಯ್ದವನು ಬಂದ ತಕ್ಷಣ ಬಾಯಿ ಬಿಡುವುದಿಲ್ಲ. ಅವರು ರೊಟ್ಟಿ ತಿಂದು ನೀರು ಕುಡಿಯಲಿ ಎಂದು ಕಾಯುತ್ತಾನೆ. ಆದರೆ ಅದು ಒಂದು ಊಟದ ಹೊತ್ತು. ಇದು ಒಂದು ಇಡೀ ಬೇಸಿಗೆ.

ದಾರಿ ಬೆಟ್ಟದಿಂದ ಬೆಟ್ಟಕ್ಕೆ ಸುತ್ತಿ ಸುತ್ತಿ ಏರಿತು. ಕೆಳಗೆ ಹಾಲು ಬೆರೆಸಿದಂಥ ಹೊಳೆ, ಮೇಲೆ ಕರಗದ ಹಿಮ. ಕುರಿಗಳು ರಸ್ತೆ ತುಂಬಿ ನಿಂತರೆ ಕಾರೇ ಕಾಯಬೇಕು. ಹಿಂಡಿನ ನಡುವೆ ಕುದುರೆಯ ಮೇಲಿದ್ದ ಹೆಂಗಸು ನಮ್ಮನ್ನು ನೋಡಿ ನಕ್ಕಳು. ಇದನ್ನೆಲ್ಲ ಅವನ ಬಾಯಿಂದ ಕೇಳುತ್ತಾ ನೋಡಬೇಕಿತ್ತು. ನಾನು 'ರಜಾ ಸಿಗಲಿಲ್ಲ' ಎಂಬ ಮಾತನ್ನು ಮನಸ್ಸಿನಲ್ಲೇ ಬಾಯಿಪಾಠ ಮಾಡುತ್ತಿದ್ದೆ.

ಉಣ್ಣೆಯ ದಪ್ಪ ಹೊದಿಕೆಯ ದುಂಡನೆಯ ಗುಡಾರದಿಂದ ಅಪಾ ಹೊರಬಂದರು. ನನ್ನನ್ನು ಅಪ್ಪಿಕೊಂಡರು. ಅಪ್ಪಿಕೊಂಡೇ ನನ್ನ ಭುಜದ ಮೇಲಿಂದ ಕಾರಿನ ಹಿಂದಿನ ಸೀಟನ್ನು ನೋಡಿದರು.

ಅವತ್ತೆಲ್ಲ ಅವರು ಕೇಳಿದರು, ತಂಗಿ ಇಂಗ್ಲಿಷಿಗೆ ತಂದಳು, ನಾನು ಹೇಳಿದೆ. ಸೊರಗಿದ್ದಾನಾ? ಇಲ್ಲ. ಅಡುಗೆ ಮಾಡ್ಕೊಳ್ತಾನಾ? ಮಾಡ್ಕೊಳ್ತಾನೆ, ಉಪ್ಪು ಜಾಸ್ತಿ ಹಾಕ್ತಾನೆ. ಅಪಾ ನಕ್ಕರು. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ಅಷ್ಟು ಕಷ್ಟವಾಗಲಿಲ್ಲ. ಆ ಭಾಷೆಯನ್ನು ನಾನು ಪಾಸಾಗಲೆಂದು ಕಲಿತವಳು.

ಮರುದಿನ ತಂಗಿ ಬಕೆಟ್ ಹಿಡಿದು ಹೊಳೆಗೆ ಹೋದಳು. ಅಪಾ ನನ್ನೆದುರು ಬಂದು ಕೂತು ಎರಡೂ ಕೈ ಹಿಡಿದುಕೊಂಡರು. ಮಗನ ಹೆಸರು ಹೇಳಿದರು, ಅಷ್ಟೇ. ಹೇಳಿ ನನ್ನ ಮುಖವನ್ನೇ ನೋಡುತ್ತಾ ಕೂತರು.

ನಡುವೆ ಯಾರೂ ಇರಲಿಲ್ಲ. ನನ್ನ ಬಾಯಿಂದ ನಮ್ಮೂರ ಮಾತೇ ಬಂತು.

"ಯವ್ವಾ, ಅವ ಇಲ್ಲಬೇ. ಮಲಗಿದಾಂವ ಏಳಲೇ ಇಲ್ಲ. ಒಳ್ಳೆ ಜಾಗದಾಗ ಮಣ್ಣು ಮಾಡೀವಿ, ಸುತ್ತ ಗಿಡಾ ಅದಾವು. ನಾನೂ ಮಣ್ಣು ಹಾಕೀನಿ. ನಿನ್ನ ಹೆಸರು ಬಾಳ ಹೇಳ್ತಿದ್ದ ಯವ್ವಾ."

ಒಂದು ಶಬ್ದವೂ ತಿಳಿಯದ ಆಕೆ ಕೊನೆಯ ತನಕ ಕೇಳಿದರು. ನನ್ನ ಕೈ ಬಿಡಲಿಲ್ಲ. ಅವರ ಬೆರಳು ತಣ್ಣಗಾಗುವುದು ನನಗೆ ತಿಳಿಯಿತು. ಹೊರಗೆ ಮಗಳ ಬಕೆಟ್ಟಿನ ಸದ್ದಾಯಿತು. ಅಪಾ ಬಾಗಿಲ ಕಡೆ ನೋಡಿ, ಅಂಗೈಯನ್ನು ನನ್ನ ಬಾಯಿಯ ಮೇಲೆ ಒತ್ತಿಟ್ಟು, ಬೇಡವೆಂದು ತಲೆಯಾಡಿಸಿದರು. ಆಮೇಲೆ ಎದ್ದು ಕುದುರೆಯ ಹಾಲು ಕರೆಯಲು ಹೋದರು. ಕುದುರೆಯ ಹೊಟ್ಟೆಗೆ ಹಣೆ ಆನಿಸಿ ನಿಂತಿದ್ದವರನ್ನು ನಾನು ಬಾಗಿಲಿನಿಂದ ನೋಡಿದೆ. ಬಹಳ ಹೊತ್ತು ಹಾಲು ಬೀಳುವ ಸದ್ದು ಬರಲಿಲ್ಲ.

ಒಳಗೆ ಬಂದು ಮಗಳಿಗೆ ಏನೋ ಹೇಳಿದರು. ಮಗಳು ನಕ್ಕಳು. "ಈ ಹುಡುಗಿಗೆ ನಮ್ಮ ಗಾಳಿ ಆಗಿಬಂದಿಲ್ಲ, ಕಣ್ಣು ಕೆಂಪಾಗಿದೆ, ಬಿಸಿ ಚಹಾ ಕೊಡು ಅಂತಿದ್ದಾಳೆ."

ಹೊರಡುವ ದಿನ ಕಾರಿನಲ್ಲಿ ಅವನ ತಂಗಿ ನಿಟ್ಟುಸಿರು ಬಿಟ್ಟಳು. "ಸದ್ಯ, ಅಪಾಗೆ ಏನೂ ಗೊತ್ತಾಗಲಿಲ್ಲ." ನಾನು ಕಿಟಕಿ ಕಡೆ ತಿರುಗಿದೆ.

ಇಲ್ಲಿ ಮರಗಳ ಎಲೆ ಉದುರುವ ಹೊತ್ತಿಗೆ, ಎವರೆಟ್ ಬಸ್ಸಿನಲ್ಲಿ, ಅವಳ ಮೆಸೇಜ್ ಬಂತು. ಅಪಾ ಇಳಿದು ಬಂದಿದ್ದಾಳೆ. ಚಿಕ್ಕಪ್ಪಂದಿರೆಲ್ಲ ಸುತ್ತ ಕೂತು ಹೇಳಿದರು. ಆಕೆ ಅಳಲಿಲ್ಲ, ಅತ್ತವರ ಬೆನ್ನು ಸವರಿದಳು. ಮನೆಯವರಿಗೆಲ್ಲ ಹೆದರಿಕೆಯಾಗಿದೆ, ಆಸ್ಪತ್ರೆಗೆ ಕರೆದೊಯ್ಯೋಣವೇ ಎಂದು ತಂಗಿ ಕೇಳಿದ್ದಳು.

ಆ ಬೆಟ್ಟದ ಮೇಲೆ, ಮಗಳ ಕಣ್ಣಿಗೆ ಬೀಳದ ಹಾಗೆ, ಅಪಾ ಒಬ್ಬರೇ ಎಷ್ಟು ಅತ್ತಿದ್ದರೋ. ಅದನ್ನು ಬರೆಯಲು ಬೆರಳು ಏಳಲಿಲ್ಲ. "ಹೆದರಬೇಡ. ಇವತ್ತು ಅಮ್ಮನ ಪಕ್ಕದಲ್ಲಿ ಮಲಗು," ಎಂದಷ್ಟೇ ಬರೆದೆ.