ಹೊಸ್ತಿಲಿಲ್ಲದ ಬಾಗಿಲು

ನಮ್ಮ ಸಿಂದಗಿಯ ಮನೆಯಲ್ಲಿ ಕೂಸು ಮೊದಲ ಸಲ ತಾನಾಗಿ ಹೊಸ್ತಿಲು ದಾಟಿದರೆ ಹೂರಣ ತುಂಬಿ ಎಣ್ಣೆಯಲ್ಲಿ ಕರಿಗಡಬು ಕರಿದು ಓಣಿಗೆಲ್ಲ ಹಂಚುವ ಪದ್ಧತಿ. ಎತ್ತಿ ದಾಟಿಸಿದ್ದು ಲೆಕ್ಕಕ್ಕಿಲ್ಲ. ಮಸ್ಕತ್ತಿನಲ್ಲಿದ್ದ ನನಗೆ ಅವ್ವ ಫೋನಿನಲ್ಲಿ ಇದನ್ನೇ ಒತ್ತಿ ಒತ್ತಿ ಹೇಳಿದ್ದಳು. "ನೀ ಹೊರಗ ಕುಂತು ಕರಿ. ಕೈ ಹಿಡೀಬ್ಯಾಡ. ತಾನ ಬರಬೇಕು."

ತೊಂಬತ್ತರ ದಶಕದ ಕೊನೆ ಅದು. ನನ್ನ ಗಂಡ ಅಲ್ಲಿ ಎ.ಸಿ. ರಿಪೇರಿ ಕೆಲಸಕ್ಕಿದ್ದರು, ಬೆಳಿಗ್ಗೆ ಹೋದರೆ ಸಂಜೆಗೇ ಬರುವುದು. ಮೂರನೇ ಮಹಡಿಯ ಮನೆಯಲ್ಲಿ ನಾನು, ನನ್ನ ಮಗಳು. ಮೊದಲ ಮಗು. ಅವಳು ಬೋರಲು ಬಿದ್ದಾಗ ಉಸಿರುಗಟ್ಟೀತೆಂದು ಹೆದರಿದೆ. ಹಲ್ಲು ಬಂದಾಗ ಜ್ವರಕ್ಕೆ ಹೆದರಿದೆ. ಗೋಡೆ ಹಿಡಿದು ಎದ್ದು ನಿಂತ ದಿನ ಬಾಲ್ಕನಿ ನೋಡಿ ಹೆದರಿದೆ. ಊರಲ್ಲಾಗಿದ್ದರೆ ಹತ್ತು ಮಂದಿ ಬೈದು ನನ್ನ ಅಂಜಿಕೆ ಬಿಡಿಸುತ್ತಿದ್ದರು. ಅಲ್ಲಿ ಬೈಯುವುದಕ್ಕೂ ಜನ ಇರಲಿಲ್ಲ.

ಅಂತೂ ಮಗಳಿಗೆ ಕಾಲು ಬಂದವು. ಈಗ ಹೊಸ್ತಿಲನ್ನು ಎಲ್ಲಿಂದ ತರುವುದು? ಆ ಮನೆಯ ಬಾಗಿಲಿಗೆ ಹೊಸ್ತಿಲೇ ಇರಲಿಲ್ಲ. ಒಂದು ಮುಂಜಾನೆ ಬಾಗಿಲಿಗುಂಟ ರಂಗೋಲಿ ಗೆರೆ ಎಳೆದು, ಅರಿಷಿಣ ಕುಂಕುಮ ಹಚ್ಚಿ, ಇದೇ ನಮ್ಮ ಹೊಸ್ತಿಲು ಅಂದುಕೊಂಡೆ. ಕಡಬು ತುಂಬಿಟ್ಟು, ಒಲೆಯ ಮೇಲೆ ಎಣ್ಣೆ ಇಟ್ಟೆ. ಅಷ್ಟರಲ್ಲಿ ಮಗಳು ತಟ್ಟಾಡುತ್ತ ಬಾಗಿಲ ಕಡೆ ಹೊರಟೇಬಿಟ್ಟಳು.

ಆ ಬಾಗಿಲು ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳುವಂಥದ್ದು; ಮುಚ್ಚಿದರೆ ಹೊರಗಿನಿಂದ ಕೀಲಿಯಿಲ್ಲದೆ ತೆರೆಯದು. ಅದಕ್ಕೇ ಅದರಡಿ ನನ್ನ ಚಪ್ಪಲಿ ತುರುಕಿ, ಹೊರಗೆ ಓಡಿ, ಕುಕ್ಕರಗಾಲಲ್ಲಿ ಕುಳಿತು ಕೈ ಚಾಚಿದೆ. ಮಗಳು ಗೆರೆಯತನಕ ಬಂದಳು. ನನ್ನನ್ನು ನೋಡಿ ನಕ್ಕಳು. ಆಮೇಲೆ ಚಪ್ಪಲಿ ನೋಡಿದಳು. ಚಪ್ಪಲಿಯೆಂದರೆ ಅವಳಿಗೆ ಜೀವ. ಎರಡೂ ಕೈಯಿಂದ ಜಗ್ಗಿ ಎಳೆದು ಹಿಂದಕ್ಕೆ ಕುಕ್ಕರಿಸಿದಳು. ಬಾಗಿಲು ಮುಚ್ಚಿಕೊಂಡಿತು.

ಕೀಲಿ ಒಳಗೆ. ಕೂಸು ಒಳಗೆ. ಎಣ್ಣೆ ಒಲೆಯ ಮೇಲೆ.

ನಾನು ಹೇಗೆ ಚೀರಿದೆನೋ ಗೊತ್ತಿಲ್ಲ, ಎದುರು ಮನೆಯಾಕೆ ತಲೆಯ ಮೇಲೆ ಸೆರಗೂ ಇಲ್ಲದೆ ಓಡಿಬಂದಳು. ನಾಲತವಾಡದ ಕಡೆಯ ಮುಸ್ಲಿಂ ಹೆಣ್ಣುಮಗಳು, ಆ ಕಟ್ಟಡದಲ್ಲಿ ನನ್ನ ಕನ್ನಡ ತಿಳಿಯುತ್ತಿದ್ದ ಒಬ್ಬಳೇ ಒಬ್ಬಳು.

"ಒಲಿ ಉರ್ಯಾಕತ್ತೈತ್ರಿ ಅಕ್ಕಾ, ಎಣ್ಣಿ ಇಟ್ಟೇನ್ರಿ!" ಅಂದೆ.

"ಅಳಬ್ಯಾಡ. ಕೂಸಿನ ಕೂಡ ಮಾತಾಡ್ಕೋತ ಇರು, ಅದು ಒಲಿ ಕಡೆ ಹೋಗಬಾರ್ದು. ನಾ ವಾಚ್‌ಮನ್ನನ್ನ ಕರ್ಕೊಂಡು ಬರ್ತೇನಿ," ಎಂದು ಬರಿಗಾಲಲ್ಲೇ ಮೆಟ್ಟಿಲಿಳಿದಳು.

ಒಳಗೆ ಚಪ್ಪಲಿ ನೆಲಕ್ಕೆ ಉಜ್ಜುವ ಸದ್ದು ದೂರ ದೂರ ಹೋಗುತ್ತಿತ್ತು. ಅಡಿಗೆಮನೆಯ ದಿಕ್ಕಿಗೆ. ಕರೆದೆ, ಕೇಳಲಿಲ್ಲ. ಕಾದ ಎಣ್ಣೆಯ ವಾಸನೆ ಆಗಲೇ ಬರುತ್ತಿತ್ತು. ಎಲ್ಲಿಂದ ಎಂದು ನೋಡಿದರೆ, ಹೊಸ್ತಿಲಿಲ್ಲದ್ದಕ್ಕೆ ಬಾಗಿಲಡಿ ಬೆರಳು ಹೋಗುವಷ್ಟು ಸಂದಿ. ರಂಗೋಲಿಯ ಮೇಲೇ ಬೋರಲು ಮಲಗಿ, ಸಂದಿಯಲ್ಲಿ ಬೆರಳು ತೂರಿಸಿ ಆಡಿಸತೊಡಗಿದೆ. "ಬಾ ನನ್ನವ್ವಾ, ಬೆರಳು ನೋಡು, ಬೆರಳು ಹಿಡಿ ಬಾ." ನೆನಪಿದ್ದ ದೇವರಿಗೆಲ್ಲ ಹರಕೆ ಹೊತ್ತೆ, ಆ ಬಾಗಿಲು ಮಾಡಿದವನ ವಂಶಕ್ಕೆಲ್ಲ ಶಾಪ ಹಾಕಿದೆ. ಸದ್ದು ನಿಂತಿತು. ಎಷ್ಟು ಹೊತ್ತೋ. ಆಮೇಲೆ ಹಸಿಹಸಿ ಜೊಲ್ಲಿನ ಕೈಯೊಂದು ನನ್ನ ಬೆರಳನ್ನು ಗಟ್ಟಿಯಾಗಿ ಹಿಡಿಯಿತು.

ಬಾಗಿಲು ತೆರೆಯುವವರೆಗೂ ಆ ಕೈ ಬಿಡಲಿಲ್ಲ. ವಾಚ್‌ಮನ್ ತನ್ನ ಕೀಲಿ ತಿರುವಿದಾಗ ಅಡಿಗೆಮನೆ ಹೊಗೆಯಿಂದ ಕಪ್ಪಾಗಿತ್ತು. ಎದುರು ಮನೆಯಾಕೆ ಮೂಗಿಗೆ ಸೆರಗು ಒತ್ತಿಕೊಂಡು ಹೋಗಿ ಒಲೆ ಆರಿಸಿದಳು. ನಾನು ಮಗಳನ್ನು ಎತ್ತಿಕೊಂಡು ಹೊರಗೆ ಓಡಿದೆ. ಅವ್ವ ಬೇಡವೆಂದದ್ದನ್ನೇ ಮಾಡಿದ್ದೆ, ನೆನಪೂ ಆಗಲಿಲ್ಲ.

ಅಂದಿನಿಂದ ಕೀಲಿ ನನ್ನ ತಾಳಿಯ ಪಕ್ಕ ಕೊರಳಲ್ಲೇ ಇರುತ್ತಿತ್ತು. ಕೆಲವು ದಿನಗಳ ಮೇಲೆ ಎದುರು ಮನೆಯಾಕೆ ಹಿಂದೆ ನನಗೆ ಕೊಟ್ಟಿದ್ದ ಡಬ್ಬಿ ಇಸಿದುಕೊಳ್ಳಲು ಬಂದಳು. ಬಾಗಿಲು ಹಿಡಿದುಕೊಂಡು ಅವಳೊಂದಿಗೆ ಮಾತಾಡುತ್ತಿದ್ದೆ. ನನ್ನ ಕಾಲ ಸಂದಿಯಿಂದ ಏನೋ ನುಸುಳಿದಂತಾಯಿತು. ನೋಡಿದರೆ ಮಗಳು ಹೊರಗೆ, ಯಾರ ಕೈಯೂ ಹಿಡಿಯದೆ, ತನ್ನ ಕಾಲ ಮೇಲೆ ತಾನು ನಿಂತಿದ್ದಳು. ನಮ್ಮತ್ತ ತಿರುಗಿ ನಕ್ಕಳು.

ನಾನು ಕಿಟಾರನೆ ಕಿರುಚಿ, ರಟ್ಟೆ ಹಿಡಿದು ಒಳಗೆ ಎಳೆದುಕೊಂಡೆ. ಕೂಸು ಬೆದರಿ, ಬಿಕ್ಕಿ ಬಿಕ್ಕಿ ಅತ್ತಿತು.

ವಾರದ ಫೋನಿನಲ್ಲಿ ಅವ್ವ ಕೇಳಿದಳು. "ಹೊಸ್ತಿಲಾ ದಾಟಿದಳೇನ?"

"ದಾಟಿದಳವ್ವಾ. ತಾನ ದಾಟಿದಳು."

"ಕಡಬು ಮಾಡಿದೇನ?"

"ಇಲ್ಲವ್ವಾ. ಎಣ್ಣಿ ಇಡಾಕ ಅಂಜಿಕಿ ಬರ್ತೈತಿ."

ಅವ್ವ, "ಇರ್ಲಿ ಬಿಡವ್ವಾ, ಇಲ್ಲೇ ಮಾಡ್ತೇನಿ ನಾ," ಅಂದಳು.

ಮಾಡಿದಳಂತೆ, ಬುಟ್ಟಿಗಟ್ಟಲೆ. ಮಗಳ ಹೆಜ್ಜೆಗೆ ಸಿಂದಗಿಯ ಓಣಿಯೆಲ್ಲ ಕಡಬು ತಿಂದು ಹರಸಿತು. ಮಗಳಿಗೆ ಸಿಕ್ಕಿದ್ದು ಮಾತ್ರ ನನ್ನ ಕಿರುಚಾಟ.