ದಿನಾಂಕ ಮಾತ್ರ ಖಾಲಿ

ನಮ್ಮೂರ ವಾಣಿಜ್ಯ ಸಂಘದ ಮ್ಯಾನೇಜರರನ್ನು ನೀವೊಮ್ಮೆ ನೋಡಬೇಕು. ಮೂವತ್ತೊಂದು ವರ್ಷದ ಹಿಂದೆ ಟೈಪಿಸ್ಟಾಗಿ ಬಂದವರು ಗುಮಾಸ್ತರಾಗಿ, ಹೆಡ್ ಗುಮಾಸ್ತರಾಗಿ, ಈಗ ಕಿಟಕಿ ಪಕ್ಕದ ದೊಡ್ಡ ಕುರ್ಚಿಗೆ ಏರಿದ್ದಾರೆ. ಅಧ್ಯಕ್ಷರು ಹನ್ನೆರಡು ಮಂದಿ ಬಂದುಹೋದರೂ ಎಲ್ಲರ ಬಾಯಲ್ಲೂ ಒಂದೇ ಭಾಷಣ. ಅದು ಇವರು ಬರೆದದ್ದು. ಯಾರ ಅಂಗಡಿ ಉದ್ಘಾಟನೆಯಾದರೂ ಕತ್ತರಿ ಇವರ ಜೇಬಿನಿಂದಲೇ ಹೊರಬರಬೇಕು. ಏನು ಕೇಳಿದರೂ "ಆಗ್ಲೇ ರೆಡಿ ಇದೆ ಸಾರ್" ಎನ್ನುತ್ತಾರೆ. ಈ ರೆಡಿ ಎಲ್ಲಿಯವರೆಗೆ ಎಂಬುದು ಮೊನ್ನೆ ಸದಸ್ಯತ್ವದ ಫಾರಂ ಹುಡುಕುತ್ತ ಅವರ ಬೀರು ತೆಗೆದಾಗ ಗೊತ್ತಾಯಿತು. ‘ಸಂತಾಪ ನಿರ್ಣಯಗಳು’ ಎಂಬ ದಪ್ಪ ಫೈಲು. ಒಳಗೆ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವ ನಾವು ಸದಸ್ಯರೆಲ್ಲರೂ ಅಕಾರಾದಿಯಾಗಿ ಸತ್ತುಬಿದ್ದಿದ್ದೆವು! ನನ್ನ ಪುಟವೂ ಸಿಕ್ಕಿತು: ‘ಜವಳಿ ವ್ಯಾಪಾರದ ಹಿರಿಯರೂ, ಮುಂಗೋಪಿಯಾದರೂ ಸಹೃದಯರೂ ಆಗಿದ್ದ...’ "ಏನ್ರೀ ಇದು, ನಾನಿನ್ನೂ ಉಸಿರಾಡ್ತಿದ್ದೀನಲ್ರೀ!" ಎಂದು ಕೂಗಿದೆ. "ಗಾಬರಿಯಾಗ್ಬೇಡಿ ಸಾರ್, ದಿನಾಂಕ ಖಾಲಿ ಬಿಟ್ಟಿದ್ದೀನಿ. ಆಮೇಲೆ ಗಡಿಬಿಡೀಲಿ ಬರೆದ್ರೆ ನಿಮಗೆ ನ್ಯಾಯ ಆಗಲ್ಲ" ಎಂದರು ತಣ್ಣಗೆ. ಸೇಡು ತೀರಿಸಿಕೊಳ್ಳೋಣವೆಂದು ಅವರ ಪುಟ ಹುಡುಕಿದೆ, ಕೊನೆಯವರೆಗೂ ಇರಲಿಲ್ಲ. "ನಿಮ್ದೆಲ್ರೀ?" ಎಂದೆ. "ನಾನು ಸದಸ್ಯ ಅಲ್ವಲ್ಲ ಸಾರ್, ಸಂಬಳದವನು. ಸಂತಾಪ ಸದಸ್ಯರಿಗೆ ಮಾತ್ರ ಅಂತ ನಿಯಮ ಇದೆ." ಆ ನಿಯಮಕ್ಕೆ ಕೈಯೆತ್ತಿದವರಲ್ಲಿ ನಾನೂ ಒಬ್ಬ. ಅವರು ಫೈಲನ್ನು ಮೆಲ್ಲಗೆ ತೆಗೆದುಕೊಂಡು, ಪೆನ್ನಿನ ಮುಚ್ಚಳ ಬಿಚ್ಚಿ, ‘ಪತ್ನಿ ಹಾಗೂ ಇಬ್ಬರು ಪುತ್ರರನ್ನು ಅಗಲಿದ್ದಾರೆ’ ಎಂಬಲ್ಲಿ, ಕಳೆದ ವಾರವಷ್ಟೇ ಹುಟ್ಟಿದ ನನ್ನ ಮೊಮ್ಮಗಳನ್ನೂ ಸೇರಿಸಿದರು.